ಮರೆಯಲ್ಲಿರುವ ಮುಖಗಳು

ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ನಮ್ಮ ದಾರ್ಶನಿಕರು ಶತಶತಮಾನಗಳ ಕಾಲ ಶೋಧಿಸಿದರು. ಆ ಶೋಧನೆಯ ಫಲವು ಗಣಕದ ಮುಂದೆ ಕುಳಿತು ವೆಬ್ ಪುಟವನ್ನು ಕಟ್ಟುವಾತನಿಗೂ ನೇರವಾಗಿ ಸಲ್ಲತಕ್ಕದ್ದೆಂಬುದು ನನ್ನ ದೃಢವಾದ ನಂಬಿಕೆ. ಒಂದೇ ಪುಟದಲ್ಲಿ ಹಲವು ವಿಷಯಗಳನ್ನು ಅಡಕಮಾಡಬೇಕಾದಾಗ ಆತನು ಮೇಲೆ ಶೀರ್ಷಿಕೆಗಳನ್ನು ಸಾಲಾಗಿರಿಸಿ, ಒತ್ತಿದ ಶೀರ್ಷಿಕೆಯ ಭಾಗವನ್ನು ಮಾತ್ರ ತೋರಿಸಿ, ಮಿಕ್ಕವನ್ನು ಮರೆಯಲ್ಲಿಡುತ್ತಾನೆ. ಟ್ಯಾಬ್ ಎಂದು ಎಲ್ಲರೂ ಕರೆಯುವ ಈ ರಚನೆಯಲ್ಲಿ ತೋರಿಸುವ ಕ್ರಿಯೆಯೇ ಮರೆಸುವ ಕ್ರಿಯೆಯೂ ಆಗಿದೆ. ಹಾಗೆ ಮರೆಸುವ ಅಧಿಕಾರವು ಅವನಿಗೆ ಎಲ್ಲಿಯವರೆಗೆ ಉಂಟು?

ನಮ್ಮ ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಗೆ ಅಂಥದೊಂದು ಪುಟವನ್ನು ಕಟ್ಟಬೇಕಾಗಿದೆಯೆಂದು ಭಾವಿಸೋಣ. ಮೂರು ಮುಖ, ಆರು ಕೈಗಳ ಆ ಮೂರ್ತಿಯನ್ನು ಆಳುಪ ದೊರೆ ಕುಂದವರ್ಮನು ಕಲಿಯುಗದ 4068ನೆಯ ವರ್ಷದಲ್ಲಿ, ಎಂದರೆ ಕ್ರಿ.ಶ. 968ರಲ್ಲಿ, ಪ್ರತಿಷ್ಠಾಪಿಸಿದನೆಂದು ಪೀಠದ ಸಂಸ್ಕೃತ ಶಾಸನವು ಹೇಳುತ್ತದೆ. ಅದೇ ಶಾಸನವು ಸ್ಥಳವನ್ನು ವಿಹಾರವೆಂದೂ, ದೊರೆಯನ್ನು ಚಂದ್ರಶೇಖರನ ಪಾದಕಮಲಗಳಲ್ಲಿ ನೆಲಸಿದ ಭ್ರಮರವೆಂದೂ ವರ್ಣಿಸುತ್ತದೆ. ಶಿವಭಕ್ತನಾದ ಅರಸನೊಬ್ಬನು ವಿಹಾರದಲ್ಲಿ ಲೋಕೇಶ್ವರನನ್ನು ನಿಲ್ಲಿಸಿದನೆಂಬ ಈ ಸಂಗತಿಯು ನನ್ನನ್ನು ಎಂದಿಗೂ ಬೆರಗುಗೊಳಿಸದೆ ಬಿಟ್ಟುದಿಲ್ಲ. ಈತನು ಬೌದ್ಧರ ಅವಲೋಕಿತೇಶ್ವರನೆಂದು ಕೆಲವು ವಿದ್ವಾಂಸರು ಸಾಧಿಸಿದರೆ, ಶೈವಕ್ಕೂ ನಾಥಪಂಥಕ್ಕೂ ಸೇರಿದವನೆಂದು ಬೇರೆ ಕೆಲವರು ವಾದಿಸುತ್ತಾರೆ. ಮೇಲಣ ಗುಡ್ಡದಲ್ಲಿ ನಾಥಪಂಥದ ಜೋಗಿ ಮಠವು ಇಂದಿಗೂ ಇದೆ. ಕೆಳಗೆ ದೇವಾಲಯದಲ್ಲಿ ನಿತ್ಯಪೂಜೆ ನಡೆಯುತ್ತಲಿದೆ. ಮೂರ್ತಿ, ಶಾಸನ, ಬೌದ್ಧ, ಶೈವ, ಪೂಜೆ ಎಂದು ಟ್ಯಾಬುಗಳನ್ನು ಮಾಡಿದರೆ ಒಂದು ಹೊತ್ತಿಗೆ ಒಂದೇ ಕಾಣುವುದು.

ಇಲ್ಲಿಗೆ ದೂರವಲ್ಲದ ಮೂಡಬಿದಿರೆಯ ಬಸದಿಗಳಲ್ಲಿ ತಾಡವೋಲೆಗಳನ್ನು ಕಾಪಾಡಿಕೊಂಡು ಬಂದ ಜೈನ ಪರಂಪರೆಯು ಮರೆಸುವ ಅಧಿಕಾರದ ಪ್ರಶ್ನೆಗೆ ಉತ್ತರವನ್ನು ಕೊಟ್ಟಿದೆ. ವಸ್ತುವಿಗೆ ಧರ್ಮಗಳು, ಎಂದರೆ ಗುಣಲಕ್ಷಣಗಳು, ಅನಂತ. ವಿವಕ್ಷೆಗೆ ತಕ್ಕಂತೆ ಒಂದನ್ನು ಮುಂದಿಟ್ಟು ಉಳಿದವನ್ನು ಹಿಂದಿಡುವುದು ಅನಿವಾರ್ಯವೆಂದು ತತ್ತ್ವಾರ್ಥಸೂತ್ರವು ಒಪ್ಪುತ್ತದೆ. ಅದಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯೆಯನ್ನು ಬರೆದ ಪೂಜ್ಯಪಾದನು, ಒಬ್ಬನೇ ಮನುಷ್ಯನು ಮಗನಿಗೆ ತಂದೆಯೂ ತಂದೆಗೆ ಮಗನೂ ಆಗಿರುವುದರಲ್ಲಿ ವಿರೋಧವಿಲ್ಲವೆಂದು ತೋರಿಸಿದನು. ಆದರೆ ಅನ್ಯ ಧರ್ಮಗಳನ್ನು ಅಪೇಕ್ಷಿಸುತ್ತಲೇ ಒಂದನ್ನು ಹೇಳುವ ದೃಷ್ಟಿ ನಯ. ಅವುಗಳನ್ನು ಅಲ್ಲಗಳೆದು ಒಂದನ್ನೇ ಹೇಳುವುದು ದುರ್ನಯ. ಮರೆಸುವುದರಲ್ಲಿ ದೋಷವಿಲ್ಲ, ನಿರಾಕರಿಸುವುದರಲ್ಲಿದೆ.

ಈ ಭೇದವು ಕೋಡಿನಲ್ಲಿ ಅಕ್ಷರಶಃ ಎದುರಾಗುತ್ತದೆ. ಆಯ್ಕೆಯಾಗದ ಭಾಗವನ್ನು ಸ್ವಸ್ಥಾನದಲ್ಲಿಯೇ ಇರಿಸಿ ಕಣ್ಣಿಗೆ ಮಾತ್ರ ಮರೆಮಾಡಬಹುದು. ಇಲ್ಲವೆ ಪುಟದ ರಚನೆಯಿಂದಲೇ ಕಿತ್ತುಹಾಕಿ, ಬೇಕಾದಾಗ ಹೊಸದಾಗಿ ಕಟ್ಟಬಹುದು. ಎರಡನೆಯ ರೀತಿಯಲ್ಲಿ, ಅರ್ಧ ತುಂಬಿಸಿದ ಫಾರಮ್ಮೊಂದು ಅಲ್ಲಿದ್ದರೆ, ಬೇರೆ ಕಡೆ ಉಳಿಸಿಡದ ಪಕ್ಷದಲ್ಲಿ, ಓದುಗನು ಮರಳುವಷ್ಟರಲ್ಲಿ ಅದು ಅಳಿದುಹೋಗಿರುವುದು. ಇದಕ್ಕಿಂತ ಗುರುತರವಾದುದು ಕಣ್ಣಿಲ್ಲದವರ ವಿಚಾರ. ಬಣ್ಣದ ಗೆರೆಯೊಂದರಿಂದಷ್ಟೇ ಆಯ್ಕೆಯನ್ನು ಸೂಚಿಸಿದರೆ ಸ್ಕ್ರೀನ್ ರೀಡರ್ ಅದನ್ನು ಅವರಿಗೆ ಓದಿ ಹೇಳಲಾರದು. ಅಂಗವಿಕಲರಿಗೂ ಪುಟವು ಎಟುಕುವಂತೆ ಮಾಡುವ ಏರಿಯಾ (ARIA) ನಿಯಮದಂತೆ ಶೀರ್ಷಿಕೆಗೆ ಟ್ಯಾಬ್ ಎಂದೂ ಅವುಗಳ ಪಟ್ಟಿಗೆ ಟ್ಯಾಬ್‌ಲಿಸ್ಟ್ ಎಂದೂ ಭಾಗಕ್ಕೆ ಟ್ಯಾಬ್‌ಪ್ಯಾನೆಲ್ ಎಂದೂ ಹೆಸರಿಟ್ಟು, ಆಯ್ಕೆಯನ್ನು ನಮೂದಿಸಿ, ಬಾಣದ ಕೀಲಿಗಳಿಂದ ಚಲಿಸುವಂತೆ ಮಾಡಿದರೆ ಐದರಲ್ಲಿ ಇದು ಎರಡನೆಯದೆಂದು ಸ್ಕ್ರೀನ್ ರೀಡರ್ ನುಡಿದೀತು. ಉಳಿದವು ಇವೆಯೆಂಬ ಅರಿವನ್ನೇ ಕೊಡದ ಪುಟವು ದುರ್ನಯವನ್ನು ಆಚರಿಸುತ್ತದೆಂದು ಹೇಳಲು ನಾನು ಹಿಂಜರಿಯೆನು.

ಇನ್ನುಳಿದುದು, ಪುಟವು ತೆರೆದಾಗ ಮೊದಲು ಕಾಣತಕ್ಕದ್ದು ಯಾವುದೆಂಬುದು. ಬಹುಮಂದಿ ಎರಡನೆಯದನ್ನು ಒತ್ತದೆಯೇ ಹೊರಟುಹೋಗುವರಾದ್ದರಿಂದ ಇಲ್ಲಿ ಮಾಡುವ ಆಯ್ಕೆಯು ತೀರ್ಪಿಗೆ ಸಮಾನ. ಲೋಕೇಶ್ವರನ ಪುಟದಲ್ಲಿ ಬೌದ್ಧ ಪಕ್ಷವನ್ನಾಗಲಿ ಶೈವ ಪಕ್ಷವನ್ನಾಗಲಿ ನಾನು ಮೊದಲಿಡಲಾರೆ. ವಿಹಾರವನ್ನೂ ಚಂದ್ರಶೇಖರನನ್ನೂ ಒಂದೇ ಉಸಿರಿನಲ್ಲಿ ಹೆಸರಿಸುವ, ವಾದಿಗಳೆಲ್ಲರೂ ಪ್ರಮಾಣವೆಂದು ಹಿಡಿಯುವ ಶಾಸನವನ್ನೇ ಇಡುವೆನು.