ಸಂತೆಯ ಬೆಲೆಯೂ ನೆರೆಯವನ ಒಲೆಯೂ



ವಾರಕ್ಕೊಮ್ಮೆ ಸಂತೆಗೆ ಹೋಗಿ, ಜೋಳವೆಷ್ಟು, ಬೇಳೆಯೆಷ್ಟು, ಎಣ್ಣೆಯೆಷ್ಟು, ಸೌದೆಯ ಹೊರೆಯೆಷ್ಟು ಎಂದು ಅಂಗಡಿಯಿಂದ ಅಂಗಡಿಗೆ ವಿಚಾರಿಸಿ, ಏನನ್ನೂ ಕೊಳ್ಳದೆ, ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡು ಹಿಂದಿರುಗುವ ಮನುಷ್ಯನನ್ನು ಕಂಡರೆ ಜನರು ನಗುವರು. ಕೊಳ್ಳದವನಿಗೆ ಬೆಲೆಯ ಚಿಂತೆ ಯಾಕೆ ಎಂದು ಕೇಳುವರು. ಆದರೂ ಇಂಥ ಕೆಲಸವು ಲೋಕದ ಅನೇಕ ಬಡದೇಶಗಳಲ್ಲಿ ವಾರ ವಾರವೂ ನಡೆಯುತ್ತಲಿದೆ. ಸರಕಾರದ ಕೃಷಿ ಇಲಾಖೆಯವರೂ ಸಂಯುಕ್ತ ರಾಷ್ಟ್ರಗಳ ಲೋಕ ಆಹಾರ ಕಾರ್ಯಕ್ರಮದವರೂ ಸಣ್ಣ ಸಣ್ಣ ಪೇಟೆಗಳಿಗೆ ಆಳುಗಳನ್ನು ಕಳುಹಿಸಿ ಧಾನ್ಯದ ಬೆಲೆಯನ್ನೂ ಉರುವಲಿನ ಬೆಲೆಯನ್ನೂ ಬರೆಯಿಸುವರು. ಇದರ ಕುರಿತು ನಾವು ವಿಚಾರಿಸತಕ್ಕ ಪ್ರಶ್ನೆ ಯಾವದಂದರೆ: ಬೆಲೆಯನ್ನು ಬರೆಯುವದು ಕೇವಲ ಗುಮಾಸ್ತನ ಕೆಲಸವೋ, ಇಲ್ಲವೆ ಧರ್ಮದ ಕೆಲಸವೋ? ಮತ್ತು ಬೆಲೆಯನ್ನು ತಿಳಿದವನು ಆ ತಿಳುವಳಿಕೆಗೋಸ್ಕರ ಯಾರಿಗಾದರೂ ಉತ್ತರ ಕೊಡಬೇಕಾಗಿರುವದೋ?

ಮೊದಲು ಈ ಕೆಲಸದ ಕ್ರಮವನ್ನು ತಿಳಿಯುವದು ಒಳ್ಳೇದು. ಒಂದೇ ಸಂತೆಗೆ ಒಂದೇ ವಾರದಂದು ಹೋಗಬೇಕು. ಒಂದೇ ಜಾತಿಯ ಕಾಳನ್ನು ಕೇಳಬೇಕು. ಒಬ್ಬನ ಮಾತನ್ನೇ ನಂಬದೆ ಇಬ್ಬರು ಮೂವರನ್ನು ವಿಚಾರಿಸಬೇಕು. ಡಬ್ಬಿ, ಬುಟ್ಟಿ, ಸೇರು ಇವುಗಳಿಂದ ಅಳೆಯುವ ಕಡೆಗಳಲ್ಲಿ ಅಳತೆಯನ್ನೇ ನಂಬದೆ ಕಾಳನ್ನು ತಕ್ಕಡಿಯಲ್ಲಿಟ್ಟು ತೂಗಿ ನೋಡಬೇಕು. ಯಾಕಂದರೆ ದುಬಾರಿಯ ಕಾಲದಲ್ಲಿ ಬೆಲೆಯು ಹೇಗೋ ಇದ್ದ ಹಾಗೆಯೇ ಇದ್ದು, ಡಬ್ಬಿಯ ತಳವು ಮಾತ್ರ ಮೇಲಕ್ಕೆ ಬರುವದುಂಟು. ಅಳತೆಯ ಮೋಸವು ಹೊಸ ಪಾಪವಲ್ಲ. ಪ್ರವಾದಿಯಾದ ಆಮೋಸನು ಅದನ್ನು ಬಡವರ ಮೇಲಣ ಅನ್ಯಾಯವೆಂದೇ ಖಂಡಿಸಿದನು.

ಧಾನ್ಯದ ಸಂಗಡ ಉರುವಲನ್ನು ಯಾಕೆ ಬರೆಯಬೇಕು ಎಂದು ಕೆಲವರು ಕೇಳಬಹುದು. ಬೇಯಿಸದ ಕಾಳು ಮಕ್ಕಳಿಗೆ ಊಟವಾಗುವದಿಲ್ಲ. ಸೌದೆ, ಇದ್ದಲು, ಸೀಮೆಎಣ್ಣೆ ಇವುಗಳ ಬೆಲೆ ಏರಿದರೆ, ಮನೆಯಲ್ಲಿ ಹಿಟ್ಟಿದ್ದರೂ ಒಲೆ ಒಂದೇ ಹೊತ್ತು ಉರಿಯುವದು. ಅಲ್ಲದೆ ಲಾರಿಗೆ ಹಾಕುವ ಡೀಸೆಲಿನ ಬೆಲೆ ಏರಿದರೆ, ದೂರದಿಂದ ಬರುವ ಕಾಳಿನ ಬೆಲೆಯೂ ಅದರ ಹಿಂದೆಯೇ ಏರುವದು. ಇವೆರಡಕ್ಕೂ ಮಿಕ್ಕಿ ಬರೆಯತಕ್ಕದ್ದು ದಿನಗೂಲಿ. ಕೂಲಿಯನ್ನು ಬಿಟ್ಟು ಬೆಲೆಯನ್ನು ಮಾತ್ರ ಬರೆದವನು ಅರ್ಧವನ್ನೇ ಬರೆದನು. ಯಾಕಂದರೆ ಬಡವನಿಗೆ ಬೇಕಾದ ಲೆಕ್ಕವು ಒಂದು ದಿನದ ದುಡಿತಕ್ಕೆ ಎಷ್ಟು ಕಾಳು ಸಿಕ್ಕುವದೆಂಬದೇ. ಸುಗ್ಗಿಯಲ್ಲಿ ಬೆಲೆ ಇಳಿಯುವದೂ ಮಳೆಗಾಲದಲ್ಲಿ ಏರುವದೂ ವಾಡಿಕೆಯಾದದರಿಂದ, ಈ ತಿಂಗಳ ಬೆಲೆಯನ್ನು ಹೋದ ತಿಂಗಳಿಗೆ ಮಾತ್ರವಲ್ಲ, ಹಿಂದಿನ ವರುಷಗಳ ಇದೇ ತಿಂಗಳಿಗೆ ಹೋಲಿಸಿ ನೋಡಬೇಕು.

ಈ ವಿದ್ಯೆಯು ನಮ್ಮ ದೇಶಕ್ಕೆ ಹೊಸದಲ್ಲ. ದೊಡ್ಡ ಸಂಕಟದಿಂದಲೇ ಅದನ್ನು ಕಲಿಯಬೇಕಾಯಿತು. 1876ರಿಂದ 1878ರ ವರೆಗಿನ ಬರವು ಬಳ್ಳಾರಿ, ಧಾರವಾಡ ಮೊದಲಾದ ಜಿಲ್ಲೆಗಳನ್ನು ಹಾಳುಮಾಡಿತು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು 10 ಲಕ್ಷ ಜನರು ನಾಶವಾದರೆಂದು ಎಣಿಸಲ್ಪಟ್ಟಿದೆ. ಅದರ ಮೇಲೆ ನೇಮಕವಾದ ಕ್ಷಾಮ ಆಯೋಗವು 1880ರಲ್ಲಿ ವರದಿಯನ್ನು ಕೊಟ್ಟಿತು. 1883ರಿಂದ ಕ್ಷಾಮ ಸಂಹಿತೆಗಳು ಉಂಟಾದವು. ಧಾನ್ಯದ ಬೆಲೆ ವಿಪರೀತವಾಗಿ ಏರುವದು, ಜನರು ಊರು ಬಿಟ್ಟು ಅಲೆದಾಡುವದು, ಕಳ್ಳತನವು ಹೆಚ್ಚುವದು, ಇವುಗಳನ್ನು ಬರದ ಮುಂಗುರುತುಗಳೆಂದು ಎಣಿಸಿ, ಅವು ತೋರಿದ ಕೂಡಲೇ ಅಧಿಕಾರಿಗಳು ಎಚ್ಚರಗೊಳ್ಳಬೇಕೆಂದು ವಿಧಿಸಲಾಯಿತು.

ಹಾಗಾದರೆ ಬೆಲೆಯನ್ನು ತಿಳಿದ ಮೇಲೆ ಜನರು ಉಳಿದರೋ? ಬಂಗಾಳದ ವೃತ್ತಾಂತವನ್ನು ಕೇಳಿರಿ. 1942ರ ಡಿಸೆಂಬರದಲ್ಲಿ ಕಲ್ಕತ್ತೆಯ ಸಗಟು ವ್ಯಾಪಾರದಲ್ಲಿ ಒಂದು ಮಣ ಅಕ್ಕಿಗೆ 13, 14 ರೂಪಾಯಿ ಇತ್ತು. 1943ರ ಮಾರ್ಚಿನಲ್ಲಿ 21 ಆಯಿತು; ಮೇ ತಿಂಗಳಲ್ಲಿ 30ನ್ನು ದಾಟಿತು; ಆಗಸ್ಟಿನಲ್ಲಿ 37ಕ್ಕೆ ಬಂತು. ಪೂರ್ವದ ಜಿಲ್ಲೆಗಳಲ್ಲಿ ಇದಕ್ಕಿಂತ ಬಹು ಹೆಚ್ಚಾಯಿತು. ಹೊಲದ ಕೂಲಿಯವನ ಸಂಬಳವು ಈ ಪ್ರಮಾಣಕ್ಕೆ ಏರಲಿಲ್ಲ. ಊಟವೇ ದುಬಾರಿಯಾದಾಗ ಜನರು ಮೀನನ್ನೂ ಕ್ಷೌರವನ್ನೂ ಬಿಟ್ಟರು. ಆದದರಿಂದ ಮೀನುಗಾರನೂ ಕ್ಷೌರಿಕನೂ ಹಸಿದರು. ಈ ಬೆಲೆಗಳು ಗುಟ್ಟಾಗಿರಲಿಲ್ಲ. ಸಂಹಿತೆಯೂ ಕಪಾಟಿನಲ್ಲಿಯೇ ಇತ್ತು. ಆದರೂ ಅದರ ಪ್ರಕಾರ ಕ್ಷಾಮವನ್ನು ಘೋಷಿಸಲಿಲ್ಲ. ಘೋಷಿಸಿದರೆ ಸಂಹಿತೆಯು ಹೇಳುವಷ್ಟು ಧಾನ್ಯವನ್ನು ಕೊಡಬೇಕಾಗುವದು, ಅಷ್ಟು ಧಾನ್ಯವು ಕೈಯಲ್ಲಿಲ್ಲವೆಂಬದೇ ಅಧಿಕಾರಿಗಳ ಸಮಾಧಾನವಾಗಿತ್ತು. ಸತ್ತವರ ಸಂಖ್ಯೆಯನ್ನು 15 ಲಕ್ಷದಿಂದ 30 ಲಕ್ಷದ ವರೆಗೆ ಎಣಿಸುವರು. ಆಗ ಬಾಲಕರಾಗಿದ್ದು ಆ ಹಸಿವನ್ನು ಕಣ್ಣಾರೆ ಕಂಡ ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ದೇಶದಲ್ಲಿ ಧಾನ್ಯವಿದ್ದರೂ ಅದನ್ನು ಕೊಳ್ಳುವ ಶಕ್ತಿ ಹೋದವನು ಸಾಯುವನೆಂಬದನ್ನು ಇದರಿಂದಲೇ ತೋರಿಸಿದರು.

ಇದು ಪರರ ಆಳಿಕೆಯ ಕಾಲದ ಮಾತು, ಯುದ್ಧದ ಕಾಲದ ಮಾತು ಎನ್ನುವಿರೋ? ಹಾಗಾದರೆ ಆಫ್ರಿಕ ಖಂಡದ ಮಲಾವಿ ದೇಶವನ್ನು ನೋಡಿರಿ. ನ್ಯಾಸಾಲ್ಯಾಂಡ್ ಎಂಬ ಹೆಸರಿದ್ದ ಈ ದೇಶವು 1964ರಲ್ಲಿ ಸ್ವತಂತ್ರವಾಯಿತು. ಅಲ್ಲಿಯವರ ಮುಖ್ಯ ಆಹಾರವು ಮೆಕ್ಕೆಜೋಳ. ಅದರ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ, ನಮ್ಮ ಮುದ್ದೆಯಂತೆ ಗಟ್ಟಿಯಾಗಿ ಮಾಡುವ ‘ನ್ಸಿಮಾ’ ಇಲ್ಲದೆ ಊಟವೇ ಇಲ್ಲ. 2001ರಲ್ಲಿ ಅತಿವೃಷ್ಟಿಯಿಂದ ಬೆಳೆಯು ಕಡಿಮೆಯಾಯಿತು. ದೇಶದ ಆಪತ್ಕಾಲದ ಕಣಜವು ಅಷ್ಟರೊಳಗೆ ಮಾರಾಟವಾಗಿ ಬರಿದಾಗಿತ್ತು. ಆದರೂ ಮರಗೆಣಸು, ಸಿಹಿಗೆಣಸುಗಳ ಬೆಳೆಯು ಬಹಳವಾಗಿದೆಯೆಂದು ಕಾಗದದಲ್ಲಿ ಲೆಕ್ಕವಿದ್ದದರಿಂದ, ಜನರಿಗೆ ಆಹಾರವಿದೆಯೆಂದು ದೊಡ್ಡವರು ನಂಬಿದರು. ಸಂತೆಯಾದರೋ ಬೇರೆ ಸಾಕ್ಷಿಯನ್ನು ಹೇಳುತ್ತಿತ್ತು: 2001ರ ಕಡೇ ತಿಂಗಳುಗಳಲ್ಲಿ ಮೆಕ್ಕೆಜೋಳದ ಬೆಲೆಯು ಹಲವು ಪಟ್ಟು ಏರಿತು. ಹಳ್ಳಿಗಳಿಂದ ಹಸಿವಿನ ಸುದ್ದಿ ಬಂದಾಗ ಅದು ಅತಿಶಯೋಕ್ತಿಯೆಂದು ಕೆಲವರು ಸಂದೇಹಿಸಿದರು. ಜನರು ತೌಡನ್ನೂ ಕಾಡುಗೆಡ್ಡೆಗಳನ್ನೂ ತಿಂದರು. ಬಲಿಯದ ತೆನೆಗಳನ್ನು ಮುರಿದು ತಿಂದರು. ಸರಕಾರವು ರಾಷ್ಟ್ರೀಯ ವಿಪತ್ತನ್ನು ಘೋಷಿಸಿದ್ದು 2002ರ ಫೆಬ್ರವರಿ 27ರಂದು. ಆಗ ಹಸಿವಿನ ಕಾಲವು ಬಹುಭಾಗ ಕಳೆದಿತ್ತು. ಕಾಗದದ ಗೆಣಸನ್ನು ನಂಬಿ ಸಂತೆಯ ಬೆಲೆಯನ್ನು ನಂಬದೆ ಹೋದದರಿಂದ ಹೀಗಾಯಿತು.

ಈ ಎರಡು ವೃತ್ತಾಂತಗಳನ್ನು ಕೇಳಿ, ಬೆಲೆಯನ್ನು ಬರೆದಿಡುವದೇ ವ್ಯರ್ಥವೆಂದು ಹೇಳುವವರಿದ್ದಾರೆ. ನಾನು ಹಾಗೆಣಿಸುವದಿಲ್ಲ. ಬರೆದಿಟ್ಟದ್ದರಿಂದಲೇ ಅವರ ಮೇಲೆ ಅಪರಾಧವು ನಿಲ್ಲುವದು. ‘ನಮಗೆ ತಿಳಿಯಲಿಲ್ಲ’ ಎಂಬ ನೆವವನ್ನು ಆ ಪುಸ್ತಕವು ಬಾಯಿಂದ ಕಿತ್ತುಕೊಳ್ಳುವದು. ಇಥಿಯೋಪಿಯ, ಸೂಡಾನ್ ದೇಶಗಳ ಬರದ ತರುವಾಯ 1985ರಲ್ಲಿ ಅಮೇರಿಕದವರು ಕ್ಷಾಮದ ಮುನ್ನೆಚ್ಚರಿಕೆಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಮಳೆ, ಬೆಳೆ, ಸಂತೆಯ ಬೆಲೆ ಇವುಗಳನ್ನು ಗಮನಿಸುವಂತೆ ಮಾಡಿದರು. 2025ರ ಜನವರಿಯಲ್ಲಿ ಅವರ ಸರಕಾರವೇ ಪರದೇಶಗಳ ಸಹಾಯದ ಹಣವನ್ನು ತಡೆದಾಗ ಆ ಕೆಲಸವು ಕೆಲವು ಕಾಲ ನಿಂತುಹೋಯಿತು. ಕಣ್ಣು ಮುಚ್ಚಿಕೊಂಡ ಮಾತ್ರಕ್ಕೆ ಸಂತೆಯಲ್ಲಿ ಬೆಲೆಯು ಇಳಿಯುವದಿಲ್ಲ.

ಇನ್ನು ವ್ಯಾಪಾರಿಗಳ ಪಕ್ಷದವರು ಹೇಳುವದೇನಂದರೆ: ಬೆಲೆ ಏರಿದ ಕಡೆಗೆ ಕಾಳು ತಾನಾಗಿ ಬರುವದು, ಆದದರಿಂದ ಬೆಲೆಯನ್ನು ಕಾದು ಕೂತುಕೊಳ್ಳುವದು ಬೇಡ. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ರಸ್ತೆಯಿದ್ದು, ಕೊಳ್ಳುವವರ ಕೈಯಲ್ಲಿ ಹಣವಿದ್ದರೆ ಹಾಗೆಯೇ ಆಗುವದು. ದೂರದಿಂದ ಮೂಟೆಯನ್ನು ತಂದು ಕೊಟ್ಟ ವ್ಯಾಪಾರಿಯು ಉಪಕಾರಿಯೇ ಸರಿ. ಆದರೆ ಬೆಲೆಯು ಹಣದ ಕೂಗನ್ನು ಮಾತ್ರ ಕೇಳುವದು, ಹೊಟ್ಟೆಯ ಕೂಗನ್ನು ಕೇಳಲಾರದು. ಬೇರೆ ಕೆಲವರು, ಬೆಲೆಯನ್ನು ಸಾರಿದರೆ ಕಾಳನ್ನು ಕೂಡಿಡುವವರಿಗೇ ಅನುಕೂಲವಾಗುವದು ಎನ್ನುವರು. ಕೂಡಿಡುವವನಿಗೆ ಬೆಲೆಯು ಮುಂಚೆಯೇ ಗೊತ್ತು. ಗೊತ್ತಿಲ್ಲದವರು ಬಡ ರೈತನೂ ದೂರದ ಅಧಿಕಾರಿಯೂ ಮಾತ್ರ.

ದೂರದ ದೇಶದವರ ತಪ್ಪುಗಳನ್ನು ಎಣಿಸುವದು ಸುಲಭ. ನನ್ನ ತಪ್ಪನ್ನು ಹೇಳದೆ ಈ ಲೇಖವನ್ನು ಮುಗಿಸಿದರೆ ನಾನು ಕಪಟಿಯಾಗುವೆನು. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ನಮ್ಮ ಕಡೆಯ ಊರುಗಳೊಳಗೆ ನುಗ್ಗಿದ ಮೇಲೆ, ಕೆಲವರು ಕೂಡಿ, ಮನೆ ಕಳಕೊಂಡವರಿಗೆ ವಾರಕ್ಕೊಂದು ಚೀಟಿಯನ್ನು ಕೊಡುತ್ತಿದ್ದರು. ಆ ಚೀಟಿಯ ಮೊತ್ತಕ್ಕೆ ಸರಿಯಾಗಿ ಅಂಗಡಿಯವನು ಜೋಳ, ಬೇಳೆ, ಸೌದೆಗಳನ್ನು ಕೊಡುವನು. ಮೊತ್ತವನ್ನು ಗೊತ್ತುಮಾಡುವದಕ್ಕೆ ಸಂತೆಯ ಬೆಲೆಯನ್ನು ಬರೆದು ಕಳುಹಿಸುವ ಕೆಲಸವು ನನ್ನದಾಗಿತ್ತು. ಮೂರನೆಯ ವಾರದಲ್ಲಿ ಮಳೆ ಬಹಳವಾಗಿತ್ತು, ದಾರಿ ಕೆಸರಾಗಿತ್ತು. ನಾನು ಹೋಗಲಿಲ್ಲ. ಒಂದು ವಾರದಲ್ಲಿ ಏನಾದೀತು ಎಂದೆಣಿಸಿ, ಹೋದ ವಾರದ ಬೆಲೆಯನ್ನೇ ಹೊಸ ತಾರೀಕಿನ ಕೆಳಗೆ ಬರೆದು ಕಳುಹಿಸಿದೆನು. ಆ ವಾರದಲ್ಲಿಯೇ ಜೋಳಕ್ಕೆ ಕಿಲೋಗ್ರಾಮಿಗೆ ನಾಲ್ಕು ರೂಪಾಯಿ ಏರಿತ್ತು. ಒಣ ಸೌದೆಯ ಹೊರೆಗೆ ಹೆಚ್ಚು ಕಡಿಮೆ ಇಮ್ಮಡಿಯಾಗಿತ್ತು. ಗ್ಯಾಸಿನ ಒಲೆಯುಳ್ಳ ಮನೆಗಳಿದ್ದವು, ಆದರೆ ಸಿಲಿಂಡರನ್ನು ತುಂಬಿಸುವ ಹಣವು ಅವರಲ್ಲಿರಲಿಲ್ಲ.

ವಾರದ ಕಡೆಯಲ್ಲಿ ನಾನು ಮನೆಗಳನ್ನು ಸಂದರ್ಶಿಸುವಾಗ ಒಬ್ಬ ಮುದುಕಿಯು ತಣ್ಣಗಾದ ಒಲೆಯ ಮುಂದೆ ಕೂತಿದ್ದಳು. ಆಕೆ ನನ್ನನ್ನು ಬೈಯಲಿಲ್ಲ. ‘ಅಯ್ಯಾ, ಚೀಟಿ ಕಿರಿದಾಯಿತೋ, ಜೋಳ ಹಿರಿದಾಯಿತೋ? ಈ ಸಲ ಎರಡು ದಿನ ಸಾಲಲಿಲ್ಲ’ ಎಂದಳು. ನಾನು ಯಾರ ಹಣವನ್ನೂ ಕದ್ದಿರಲಿಲ್ಲ. ತಕ್ಕಡಿಯನ್ನೂ ಮುಟ್ಟಿರಲಿಲ್ಲ. ಆದರೆ ಕಳ್ಳತಕ್ಕಡಿಯಿಂದ ಆಗುವದೇ ನನ್ನ ಲೇಖಣಿಯಿಂದಾಯಿತು. ಆ ಹಳ್ಳಿಯ ಮೂವತ್ತು ಮನೆಗಳಿಂದ ಎರಡೆರಡು ದಿನದ ಅನ್ನವನ್ನು ನಾನು ತೆಗೆದೆನೆಂದು ನನಗೆ ಆಗ ತಿಳಿದುಬಂತು. ಮರುದಿನ ಚೀಟಿ ಕೊಡುವವರ ಬಳಿಗೆ ಹೋಗಿ ಉಳ್ಳದ್ದನ್ನು ಉಳ್ಳಂತೆ ಹೇಳಿದೆನು. ಅವರು ಮುಂದಿನ ಚೀಟಿಗೆ ಕೂಡಿಸಿ ಕೊಟ್ಟರು. ಕಳೆದುಹೋದ ಎರಡು ದಿನಗಳನ್ನಾದರೋ ಯಾರೂ ಕೂಡಿಸಿ ಕೊಡಲಾರರು.

ಅಂದಿನಿಂದ ನಾನು ನಂಬಿರುವದೇನಂದರೆ, ಬೆಲೆಯ ಪುಸ್ತಕದಲ್ಲಿ ಬರೆದ ಪ್ರತಿಯೊಂದು ಅಂಕೆಯೂ ನೆರೆಯವನ ವಿಷಯವಾದ ಸಾಕ್ಷಿ. ಕಡಿಮೆ ಬರೆಯುವವನು ಅವನ ಅನ್ನವನ್ನು ತೆಗೆಯುವನು. ಕನಿಕರದಿಂದಲೇ ಆದರೂ ಹೆಚ್ಚು ಬರೆಯುವವನು ಮುಂದೆ ನಿಜವಾದ ಹಸಿವಿನ ಸುದ್ದಿಯನ್ನು ಯಾರೂ ನಂಬದಂತೆ ಮಾಡುವನು. ಹೋಗದ ವಾರದ ಸ್ಥಳವನ್ನು ಬರಿದಾಗಿ ಬಿಡುವದೇ ಸತ್ಯ. ಬರಿದಾದ ಸ್ಥಳವನ್ನು ಕಂಡವರು ವಿಚಾರಿಸುವರು, ತುಂಬಿದ ಸುಳ್ಳನ್ನು ಯಾರೂ ವಿಚಾರಿಸುವದಿಲ್ಲ. ಬರೆಯುವವನ ಕರ್ತವ್ಯವು ಹೀಗಾದರೆ, ಓದುವವನ ಕರ್ತವ್ಯವು ಇನ್ನೂ ಭಾರವಾದದ್ದು. ಬೆಂಕಿಯನ್ನು ಕಂಡು ಕೂಗಿದ ಕಾವಲುಗಾರನು ತನ್ನ ಪಾಲನ್ನು ತೀರಿಸಿದನು. ಕೂಗನ್ನು ಕೇಳಿಯೂ ಮಗ್ಗುಲು ತಿರುಗಿ ಮಲಗಿದವನ ಪಾಲು ಹಾಗೆಯೇ ಉಳಿದಿರುವದು.

ಪ್ರಿಯರೇ, ನಿಮ್ಮಲ್ಲಿ ಹೆಚ್ಚಿನವರು ಬೆಲೆಯನ್ನು ಬರೆಯುವ ಉದ್ಯೋಗದವರಲ್ಲ. ಆದರೆ ಎಲ್ಲರೂ ಸಂತೆಗೆ ಹೋಗುವವರೇ. ಈ ವಾರ ಜೋಳವು ಎರಡು ರೂಪಾಯಿ ಏರಿತೆಂದು ಕೇಳಿದಾಗ ನಮ್ಮ ಖರ್ಚಿನ ಚಿಂತೆಯು ಮೊದಲು ಬರುವದು ಸಹಜ. ಅದರ ಹಿಂದೆಯೇ, ನಮ್ಮ ಕೇರಿಯಲ್ಲಿ ದಿನಗೂಲಿಯಿಂದ ಬದುಕುವವರು ಯಾರು, ಅವರ ಕೂಲಿಯೂ ಏರಿತೋ, ಅವರ ಮನೆಯ ಮೇಲೆ ಸಂಜೆ ಹೊಗೆಯೇಳುವದೋ ಎಂಬದನ್ನೂ ವಿಚಾರಿಸೋಣ. ವಿಚಾರಿಸಿ ಬಿಟ್ಟುಬಿಡದೆ, ಕೈಲಾದದ್ದನ್ನು ಮಾಡೋಣ. ಕೈಲಾಗದಿದ್ದರೆ, ಮಾಡಬಲ್ಲವರಿಗೆ ಹೆಚ್ಚು ಕಡಿಮೆಯಿಲ್ಲದೆ ತಿಳಿಸೋಣ. ನನ್ನ ಪುಸ್ತಕದ ಮೊದಲನೆಯ ಪುಟದಲ್ಲಿ ಆ ಮುದುಕಿಯ ಪ್ರಶ್ನೆಯನ್ನು ಬರೆದಿಟ್ಟಿದ್ದೇನೆ. ಪ್ರತಿ ವಾರವೂ ಸಂತೆಗೆ ಹೊರಡುವ ಮುಂಚೆ ಅದನ್ನು ಒಮ್ಮೆ ಓದಿಕೊಳ್ಳುವೆನು.