ಆಪ್ತವಾಕ್ಯ ಮತ್ತು ಯಂತ್ರದ ಕಾಲಗಣನೆ

ಒಬ್ಬರು ಕಂಡುಕೊಂಡದ್ದನ್ನು ಇನ್ನೊಬ್ಬರು ತಾವೇ ಪರೀಕ್ಷಿಸದೆ ಒಪ್ಪಿಕೊಂಡರೆ ಅದು ಜ್ಞಾನವೆನಿಸುತ್ತದೆಯೇ ಎಂಬುದು ಪ್ರಮಾಣಶಾಸ್ತ್ರದ, ಅಂದರೆ ತಿಳಿವಿನ ಸಾಧನಗಳ ವಿಚಾರದ, ಹಳೆಯ ವಿವಾದ. ಚಾರ್ವಾಕರು ಪ್ರತ್ಯಕ್ಷವೊಂದನ್ನೇ ನೆಚ್ಚಿದರು. ವೈಶೇಷಿಕರೂ ಬೌದ್ಧ ತಾರ್ಕಿಕರೂ ಪರರ ಮಾತಿನಿಂದ ಬರುವ ಅರಿವನ್ನು ಅನುಮಾನದಲ್ಲಿ, ಅಂದರೆ ತರ್ಕದಿಂದ ಊಹಿಸಿ ತಿಳಿಯುವುದರಲ್ಲಿ, ಸೇರಿಸಿದರು. ನೈಯಾಯಿಕರು ಆಪ್ತನ, ಅಂದರೆ ನಂಬಲರ್ಹನ, ಮಾತನ್ನು ‘ಶಬ್ದ’ವೆಂಬ ಬೇರೆಯ ಪ್ರಮಾಣವಾಗಿ ಎತ್ತಿಹಿಡಿದರು.

ಈ ವಿವಾದ ಕಂಪ್ಯೂಟರಿನೊಳಗೂ ತಲೆದೋರುತ್ತದೆ. 1993ರ ಪೆಂಟಿಯಂನಿಂದೀಚೆಗೆ ಇಂಟೆಲ್ ಪ್ರೊಸೆಸರುಗಳಲ್ಲಿರುವ ಟೈಮ್‌ಸ್ಟ್ಯಾಂಪ್ ಕೌಂಟರ್ ಮಿಡಿತಗಳನ್ನು ಎಣಿಸುತ್ತದೆಯೇ ಹೊರತು ಸೆಕೆಂಡಿಗೆ ಎಷ್ಟು ಮಿಡಿತವೆಂಬುದನ್ನು ಹಲವು ಮಾದರಿಗಳಲ್ಲಿ ತಿಳಿಸುವುದಿಲ್ಲ. ಆದ್ದರಿಂದ ಪ್ರೋಗ್ರಾಂ ಶುರುವಾಗುವಾಗ ಕೌಂಟರನ್ನು ಓದಿ, ಆಪರೇಟಿಂಗ್ ಸಿಸ್ಟಂನ ಗಡಿಯಾರದಂತೆ 10 ಮಿಲಿಸೆಕೆಂಡು ಕಾದು, ಮತ್ತೆ ಓದಿ, ನಡುವೆ 3 ಕೋಟಿ ಮಿಡಿತ ಕಂಡರೆ ವೇಗ 3 ಗಿಗಾಹರ್ಟ್ಸ್ ಎಂದು ನಿರ್ಣಯಿಸುತ್ತದೆ. ಇದಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ಒಂದರ ಹಿಂದೊಂದು 100 ಪ್ರೋಗ್ರಾಂಗಳು ಹೀಗೆ ಅಳೆದರೆ ಒಂದು ಸೆಕೆಂಡು ಬರಿಯ ಕಾಯುವಿಕೆಯಲ್ಲೇ ಕಳೆಯುತ್ತದೆ. ಮೊದಲನೆಯದು ತನ್ನ ಅಳತೆಯನ್ನು ಎಲ್ಲಕ್ಕೂ ನಿಲುಕುವ ಮೆಮೊರಿಯಲ್ಲಿಟ್ಟರೆ ಉಳಿದ 99 ಕಾಯಬೇಕಿಲ್ಲ.

ಪ್ರತಿಯೊಂದೂ ತಾನೇ ಅಳೆಯುವುದು ಹೆಚ್ಚು ಪ್ರಾಮಾಣಿಕವೆಂದು ಚಾರ್ವಾಕಪಕ್ಷ ಆಕ್ಷೇಪಿಸಬಹುದು. ಆದರೆ ಆ ಸ್ವಂತ ಅಳತೆಯೂ ಇನ್ನೊಂದು ಗಡಿಯಾರವನ್ನು ನಂಬಿಯೇ ನಡೆದದ್ದು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಹಳೆಯ ಯಂತ್ರಗಳಲ್ಲಿ ಆಧಾರವಾಗಿ ಹಿಡಿಯುವ ಟೈಮರಿನ ವೇಗ, ಸೆಕೆಂಡಿಗೆ 11,93,182 ಮಿಡಿತ, ಅದರ ಸೋರ್ಸ್ ಕೋಡಿನಲ್ಲಿ ಬರೆದಿಟ್ಟ ಸಂಖ್ಯೆಯೇ ಹೊರತು ಕರ್ನಲ್ ಅಳೆದು ತಿಳಿದದ್ದಲ್ಲ. ಪ್ರತ್ಯಕ್ಷವೆಂದು ತೋರುವ ಅರಿವಿನ ಬುಡದಲ್ಲೂ ಹೀಗೆ ಒಂದು ಮಾತು ಇರುವುದರಿಂದ, ಮಾತನ್ನು ನಂಬಬೇಕೇ ಎಂಬುದಕ್ಕಿಂತ ಯಾರ ಮಾತನ್ನು, ಎಲ್ಲಿಯವರೆಗೆ ನಂಬಬೇಕೆಂಬುದೇ ವಿಚಾರಾರ್ಹವಾಗುತ್ತದೆ.

ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನ ಮತದಲ್ಲಿ, ವಸ್ತುವನ್ನು ಸಾಕ್ಷಾತ್ತಾಗಿ ಅರಿತು, ಅರಿತಂತೆಯೇ ಹೇಳಬಯಸುವವನು ಆಪ್ತ. ಈ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಸಮಾನ. ಅದರಂತೆ, ಅದೇ ಯಂತ್ರದಲ್ಲಿ ಅಳೆದ, ಅನ್ಯರು ತಿದ್ದಲಾಗದ ಬೆಲೆಗೆ ಆಪ್ತವಾಕ್ಯದ ಸ್ಥಾನವಿದೆ. ಆದರೆ ಓಡುತ್ತಿರುವ ವರ್ಚುವಲ್ ಯಂತ್ರವನ್ನು, ಅಂದರೆ ತಂತ್ರಾಂಶದಲ್ಲೇ ರೂಪಿಸಿದ ಕಂಪ್ಯೂಟರನ್ನು, ಬೇರೆ ವೇಗದ ಸರ್ವರಿಗೆ ಸಾಗಿಸಿದಾಗ ಹೇಳಿದವನು ಸುಳ್ಳಾಡದಿದ್ದರೂ, ಆ ಮಾತು ಯಾವುದನ್ನು ಕುರಿತಿತ್ತೋ ಆ ವಸ್ತುವೇ ಬದಲಾಗಿರಬಹುದು. ಬಾಧಕ, ಅಂದರೆ ಅಲ್ಲಗಳೆಯುವ ಅರಿವು, ಬರುವವರೆಗೆ ಜ್ಞಾನ ತಾನಾಗಿಯೇ ಪ್ರಮಾಣವೆಂದ ಮೀಮಾಂಸಕರ ನಿಲುವು ಇಲ್ಲಿ ಉಪಯುಕ್ತ: ಲಿನಕ್ಸ್ ಕೂಡ ಮೊದಲ ಅಳತೆಯನ್ನು ಒಪ್ಪಿ ಕೆಲಸಕ್ಕೆ ತೊಡಗಿ, ಬಳಿಕ ಬೇರೊಂದು ಗಡಿಯಾರದೊಡನೆ ಹೋಲಿಸಿ ಅದನ್ನು ತಿದ್ದಿಕೊಳ್ಳುತ್ತದೆ.