ತಟ್ಟೆಯ ಹಿಂಬದಿ

ಎಪ್ಪತ್ತರ ದಶಕದ ಅಮೆರಿಕಕ್ಕೆ ಹಾಸ್ಯ ಕಲಾವಿದ ಸ್ಟೀವ್ ಮಾರ್ಟಿನ್ ಎಂದರೆ ಬಿಳಿ ಸೂಟು, ತಲೆಯ ಈ ಬದಿಯಿಂದ ಆ ಬದಿಗೆ ತೂರಿದಂತೆ ಕಾಣುವ ಬಾಣ, ಕೊರಳಿಗೊಂದು ಬ್ಯಾಂಜೊ. ಸಾವಿರಾರು ಜನ ನಗಲೆಂದೇ ಬರುತ್ತಿದ್ದರು. ಬಾಣದ ಹಾಗೆ ಬ್ಯಾಂಜೊ ಕೂಡ ಒಂದು ತಮಾಷೆಯ ಸಾಮಾನು ಎಂದುಕೊಂಡವರೇ ಹೆಚ್ಚಿದ್ದಿರಬೇಕು. ಆದರೆ 2009ರಲ್ಲಿ ಅವರ ‘ದಿ ಕ್ರೋ’ ಆಲ್ಬಂ ಬಂತು. ಐದು ತಂತಿಯ ಬ್ಯಾಂಜೊಗೆಂದು ಅವರೇ ಕಟ್ಟಿದ ರಚನೆಗಳು. ಮರುವರ್ಷ ಅದಕ್ಕೆ ಬ್ಲೂಗ್ರಾಸ್ ಎಂಬ ಅಮೆರಿಕದ ಜನಪದ ಮೂಲದ ಸಂಗೀತದ ವಿಭಾಗದಲ್ಲಿ ಗ್ರ್ಯಾಮಿ ಸಿಕ್ಕಿತು.

ಪ್ರಶಸ್ತಿಯ ಮಾತು ಹಾಗಿರಲಿ. ಈ ಆಲ್ಬಂನ ಕೆಲವು ರಚನೆಗಳು 1981ರಲ್ಲೇ ಬಂದ ಅವರ ಇನ್ನೊಂದು ಎಲ್‌ಪಿಯ ಹಿಂಬದಿಯಲ್ಲಿದ್ದವು. ಮುಂಬದಿಯಲ್ಲಿ ಹಾಸ್ಯ, ತಟ್ಟೆ ತಿರುವಿ ಹಾಕಿದರೆ ಬ್ಯಾಂಜೊ. ಕಣ್ಣೆದುರಿಗೇ ಇದ್ದದ್ದು ಕಿವಿಗೆ ಬೀಳಲು ಸುಮಾರು ಮೂವತ್ತು ವರ್ಷ ಹಿಡಿಯಿತಲ್ಲ ಎಂದು ನೆನೆದರೆ, ನಾವು ಕಲಾವಿದರನ್ನು ಎಷ್ಟು ಅರೆಬರೆಯಾಗಿ ನೋಡುತ್ತೇವೆ ಅನ್ನಿಸುತ್ತದೆ.

ಮಾರ್ಟಿನ್ ಬ್ಯಾಂಜೊ ಕಲಿತ ಬಗೆಯಂತೂ ನನಗೆ ಇನ್ನೂ ದೊಡ್ಡ ಬೆರಗು. ಬ್ಲೂಗ್ರಾಸ್ ಬ್ಯಾಂಜೊದ ವೇಗಕ್ಕೆ ಕಿವಿಯೇ ಸೋಲುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಸರದಿಯಲ್ಲಿ ಮೀಟುತ್ತಾ ಸ್ವರಗಳ ಮಳೆ ಸುರಿಸುತ್ತವೆ. ಕ್ಯಾಲಿಫೋರ್ನಿಯಾದ ಆ ಹುಡುಗ 33ರ ವೇಗದ ರೆಕಾರ್ಡುಗಳನ್ನು 16ಕ್ಕೆ ಇಳಿಸಿ ಕೇಳುತ್ತಿದ್ದ. ವೇಗ ಅರ್ಧವಾದಾಗ ನಾದವೂ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಅದಕ್ಕೆ ಸರಿಹೊಂದುವಂತೆ ತನ್ನ ತಂತಿಗಳನ್ನೂ ಸಡಿಲಿಸಿಕೊಂಡು ಒಂದೊಂದೇ ಸ್ವರ ಹುಡುಕುತ್ತಿದ್ದ. ಅಷ್ಟು ಸರಸರ ಹರಿಯುವ ಸಂಗೀತದ ಒಳಗೆ, ತಾಳ್ಮೆಯಿಂದ ಕೇಳುವವನಿಗಾಗಿ, ಇಷ್ಟು ನಿಧಾನದ ಇನ್ನೊಂದು ಸಂಗೀತ ಕಾದಿರುತ್ತದೆ!

ಬ್ಯಾಂಜೊದ ಆ ಐದನೆಯ ತಂತಿಯನ್ನು ಹತ್ತಿರದಿಂದ ನೋಡಬೇಕು. ಉಳಿದ ನಾಲ್ಕರ ಜೊತೆ ಅದು ತುದಿಯವರೆಗೆ ಹೋಗುವುದಿಲ್ಲ. ಐದನೆಯ ಮೆಟ್ಟಿಲ ಬಳಿ, ಕೊರಳಿನ ಪಕ್ಕದಿಂದ ಚಾಚಿದ ಬಿರಡೆಗೇ ನಿಂತುಬಿಡುತ್ತದೆ. ಗಿಡ್ಡ ತಂತಿ, ಎಲ್ಲಕ್ಕಿಂತ ಏರಿದ ಸ್ವರ. ನಮ್ಮ ವೀಣೆಯ ತಾಳದ ತಂತಿಗಳಂತೆ ಬೆರಳಿಂದ ಒತ್ತಿಸಿಕೊಳ್ಳದೆ, ಒಂದೇ ಸ್ವರವನ್ನು ಮಿಡಿಯುತ್ತಿರುತ್ತದೆ. ಸೆನೆಗಲ್, ಗ್ಯಾಂಬಿಯಾಗಳ ಜೋಲಾ ಜನರ ಅಕೊಂಟಿಂಗ್‌ನಲ್ಲಿ, ಸೋರೆಬುರುಡೆಗೆ ಚರ್ಮ ಬಿಗಿದ ಆ ವಾದ್ಯದಲ್ಲಿ, ಇಂದಿಗೂ ಇಂಥದೇ ಗಿಡ್ಡ ತಂತಿಯಿದೆ. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟ ಆಫ್ರಿಕನ್ನರ ಕೈಯಲ್ಲಿ ಕೆರಿಬಿಯನ್ ದ್ವೀಪಗಳಲ್ಲಿ, ಅಮೆರಿಕದ ನೆಲದಲ್ಲಿ ಹುಟ್ಟಿ ಬೆಳೆದ ವಾದ್ಯ ಬ್ಯಾಂಜೊ. ಎಲ್ಲವನ್ನೂ ಕಸಿದುಕೊಂಡ ಮೇಲೂ ಒಂದು ನಾದದ ನೆನಪು ಅವರಲ್ಲಿ ಉಳಿದಿತ್ತು.

‘ದಿ ಕ್ರೋ’ದಲ್ಲಿ ಮಾರ್ಟಿನ್ ಮೂರು ಬೆರಳಿನ ಶೈಲಿಯ ಜೊತೆಗೆ ಅದಕ್ಕಿಂತ ಹಳೆಯದಾದ ಕ್ಲಾಹ್ಯಾಮರನ್ನೂ ನುಡಿಸಿದ್ದಾರೆ: ಉಗುರು ಕೆಳಮುಖವಾಗಿ ತಂತಿಗೆ ಬಡಿಯುತ್ತದೆ, ಕೈ ಮೇಲೇಳುವಾಗ ಹೆಬ್ಬೆರಳು ಆ ಗಿಡ್ಡ ತಂತಿಯನ್ನು ಬಿಟ್ಟುಬಿಡುತ್ತದೆ. ಆಲ್ಬಂ ರೂಪಿಸಿದವರು ಅವರ ಶಾಲಾದಿನಗಳ ಗೆಳೆಯ ಜಾನ್ ಮೆಕ್ಯೂಯೆನ್. ಮೂರು ಬೆರಳಿನ ಶೈಲಿಗೆ ತಮ್ಮ ಹೆಸರನ್ನೇ ಕೊಟ್ಟ ಅರ್ಲ್ ಸ್ಕ್ರಗ್ಸ್ ಎಂಬತ್ತು ದಾಟಿದ ವಯಸ್ಸಿನಲ್ಲಿ ಬಂದು ಒಂದು ಹಾಡಿಗೆ ಜೊತೆಗೂಡಿದ್ದಾರೆ. ಅಪ್ಪನ ಬ್ಯಾಂಜೊವಾದನದ ಕುರಿತ ಹಾಡದು. ಮಾರ್ಟಿನ್ ಅದನ್ನು ತಾವು ಹಾಡದೆ ಟಿಮ್ ಓಬ್ರಿಯನ್‌ಗೆ ಬಿಟ್ಟುಕೊಟ್ಟಿದ್ದಾರೆ.